ಸಭೆಯ ಫೋನ್ ಸೇವೆ: ಮಕ್ಕಳನ್ನು ಕಾಯುತ್ತಾ ದೂರದವರನ್ನು ತಲುಪುವ ದಾರಿ

ಸುಗ್ಗಿ ಮುಗಿದರೆ ದೇವದುರ್ಗ, ಮಸ್ಕಿ, ಲಿಂಗಸುಗೂರು, ಕುಷ್ಟಗಿ ಕಡೆಯ ಹಳ್ಳಿಗಳ ಕ್ರೈಸ್ತ ಸಭೆಗಳಲ್ಲಿ ಭಾನುವಾರದ ಆರಾಧನೆಯ ಜಮಖಾನೆ ಅರ್ಧ ಖಾಲಿ. ಜನ ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಗುಳೆ ಹೋಗಿರುತ್ತಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಕೇಂದ್ರ, ಹಟ್ಟಿ ಗಣಿಯಲ್ಲಿ ದುಡಿಯುವವರಿಗೆ ಭಾನುವಾರವೂ ಶಿಫ್ಟ್ ಬರುತ್ತದೆ. ಇವರಲ್ಲಿ ಹೆಚ್ಚಿನವರ ಹತ್ತಿರ ಫೋನ್ ಇದೆ. ಅದೇ ತರಹದ ಇನ್ನೊಂದು ಫೋನ್ ಊರಲ್ಲಿ ಅಜ್ಜಿ ಹತ್ತಿರ ಬಿಟ್ಟು ಹೋದ ಮಗುವಿನ ಕೈಯಲ್ಲೂ ಇದೆ.

ಹಾಗಾಗಿ ಸಭೆ ಫೋನ್ ಬಳಸುವುದು ಹೇಗೆ, ಮನೆಯಲ್ಲಿ ಮಕ್ಕಳಿಗೆ ಫೋನ್ ಕೊಡುವುದು ಹೇಗೆ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಮಾಡಿ ನೋಡಲು ನನಗೆ ಆಗುವುದಿಲ್ಲ. ಸಭೆಯ ಫೋನ್ ಸೇವೆಯನ್ನು ಮನೆ ಭೇಟಿಯಂತೆ ನಡೆಸಬೇಕು ಎಂಬುದು ನನ್ನ ನಂಬಿಕೆ. ಭೇಟಿಗೆ ಹೋದಾಗ ಬಾಗಿಲು ತಟ್ಟುತ್ತೇವೆ, ಹೊತ್ತು ನೋಡುತ್ತೇವೆ, ಆ ಮನೆಯ ಗುಟ್ಟನ್ನು ಹೊರಗೆ ಹೇಳುವುದಿಲ್ಲ, ಮಕ್ಕಳ ಹತ್ತಿರ ಮರ್ಯಾದೆಯಿಂದ ಇರುತ್ತೇವೆ. ಎಷ್ಟು ಜನ ನೋಡಿದರು, ಎಷ್ಟು ಲೈಕ್ ಬಂತು ಎಂದು ಲೆಕ್ಕ ಹಾಕುವುದಿಲ್ಲ.

ಹೆಜ್ಜೆ 1: ಮೊದಲು ನೋಟ್‌ಬುಕ್

ಸಭೆಗೆ ಯೂಟ್ಯೂಬ್ ಚಾನೆಲ್ ತೆರೆಯುವ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಸಭೆಯ ಪ್ರತಿ ಮನೆಗೂ ಒಂದು ಸಾಲು. ಈಗ ಎಲ್ಲಿದ್ದಾರೆ, ಫೋನ್ ಯಾರದು, ಸ್ಮಾರ್ಟ್‌ಫೋನೋ ಬಟನ್ ಫೋನೋ, ಯಾವ ಹೊತ್ತಿಗೆ ಬಿಡುವು, ಯಾವ ಭಾಷೆ ಕೇಳಿದರೆ ಮನಸ್ಸಿಗೆ ಮುಟ್ಟುತ್ತದೆ ಎಂದು ಬರೆಯಿರಿ.

ಫೋನ್ ಯಾರದು ಎಂಬ ಪ್ರಶ್ನೆಯನ್ನು ಬಿಡಬೇಡಿ. ನಮ್ಮ ಕಡೆ ಒಂದೇ ಫೋನನ್ನು ಮನೆಯವರೆಲ್ಲ ಬಳಸುತ್ತಾರೆ. ಅತ್ತಿಗೆಗೆ ಎಂದು ಕಳಿಸಿದ ಸಾಂತ್ವನದ ಮಾತನ್ನು ಮೊದಲು ಮೈದುನ ಕೇಳಬಹುದು. ಅಂಥ ಮನೆಗೆ ಖಾಸಗಿ ವಿಷಯ ಕಳಿಸಬಾರದು, ಸ್ತ್ರೀಯರ ಕೂಟದ ಒಬ್ಬ ಅಕ್ಕ ಖುದ್ದಾಗಿ ಹೋಗಬೇಕು. ಬಟನ್ ಫೋನ್ ಇರುವ ಅಜ್ಜನಿಗೆ ವಿಡಿಯೋ ಬೇಕಿಲ್ಲ, ವಾರಕ್ಕೊಂದು ಕರೆ ಸಾಕು.

ಭಾಷೆಯ ವಿಷಯವೂ ಹಾಗೆಯೇ. ಬಳ್ಳಾರಿ, ಸಿರುಗುಪ್ಪ, ರಾಯಚೂರಿನಲ್ಲಿ ತೆಲುಗು ಮನೆಮಾತಿನವರು ಬಹಳ. ಗಂಗಾವತಿ, ಸಿಂಧನೂರಿನ ಕಾಲುವೆ ಬದಿಯ ಕ್ಯಾಂಪ್‌ಗಳಲ್ಲೂ, ಅಂದರೆ ವಲಸೆ ಬಂದು ನೆಲೆಸಿದ ರೈತರ ಊರುಗಳಲ್ಲೂ, ಅದೇ. ತಾಂಡಾಗಳಲ್ಲಿ ಲಂಬಾಣಿ ಮಾತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್‌ನ ಪಾದ್ರಿ ಜಾನ್ ಹ್ಯಾಂಡ್ಸ್ ಮೊದಲು ಇಲ್ಲಿನ ಮಾತು ಕಲಿತರು, ಆಮೇಲೆ ಅನುವಾದಕ್ಕೆ ಕೂತರು. ಪೂರ್ತಿ ಬೈಬಲ್ ಕನ್ನಡದಲ್ಲಿ ಸಿದ್ಧವಾಗುವ ಹೊತ್ತಿಗೆ 1831 ಆಗಿತ್ತು. ಕೇಳುವವರ ಮಾತಿಗೆ ಅಷ್ಟು ವರ್ಷ ಕೊಟ್ಟ ಊರಿನವರು ನಾವು. ಇವತ್ತು ಒಂದು ಧ್ವನಿ ಸಂದೇಶವನ್ನು ತೆಲುಗಿನಲ್ಲೋ ಲಂಬಾಣಿಯಲ್ಲೋ ಇನ್ನೊಮ್ಮೆ ಹೇಳಿಸುವುದು ದೊಡ್ಡ ಕೆಲಸ ಆಗಬಾರದು.

ನೋಟ್‌ಬುಕ್ ತುಂಬಿದ ಮೇಲೆ ಎಷ್ಟೋ ಸಭೆಗಳಿಗೆ ಯೂಟ್ಯೂಬ್ ಬೇಕಿಲ್ಲ ಎಂದು ತಾನಾಗಿ ಗೊತ್ತಾಗುತ್ತದೆ. ಒಂದು ವಾಟ್ಸಾಪ್ ಪಟ್ಟಿ, ಕರೆ ಮಾಡುವ ನಾಲ್ಕೈದು ಜನ ಇದ್ದರೆ ಆಯಿತು.

ಹೆಜ್ಜೆ 2: ಖಾತೆ ಸಭೆಯದಾಗಿರಲಿ

ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಯೌವನಸ್ಥರ ಕೂಟದ ಹುರುಪಿನ ಹುಡುಗನೊಬ್ಬ ತನ್ನ ನಂಬರಿನಲ್ಲಿ ಚಾನೆಲ್ ತೆರೆಯುತ್ತಾನೆ. ಎರಡು ವರ್ಷಕ್ಕೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಪಾಸ್‌ವರ್ಡ್ ಅವನ ಜೊತೆಗೇ ಹೋಗುತ್ತದೆ. ತಪ್ಪು ಅವನದಲ್ಲ, ಹಿರಿಯರು ಮೊದಲೇ ಯೋಚಿಸಬೇಕಿತ್ತು.

ಸಭೆಯ ಹೆಸರಿನಲ್ಲಿ ಒಂದು ಸಿಮ್, ಒಂದು ಇಮೇಲ್ ಮಾಡಿಸಿ. ಅದರಿಂದಲೇ ಎಲ್ಲ ಖಾತೆ ತೆರೆಯಿರಿ. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ಪಾಸ್‌ವರ್ಡ್ ಬರೆದು, ಲಕೋಟೆ ಅಂಟಿಸಿ, ಕಾರ್ಯದರ್ಶಿ ಹತ್ತಿರ ಇಡಿ. ಒಟಿಪಿಯನ್ನು ಯಾರು ಕೇಳಿದರೂ ಹೇಳಬಾರದು ಎಂಬುದು ಸಿಮ್ ಇಟ್ಟುಕೊಂಡವರಿಗೆ ಬಾಯಿಪಾಠ ಆಗಿರಲಿ. ಕನಿಷ್ಠ ಮೂವರು ಅಡ್ಮಿನ್ ಇರಲಿ, ಅವರಲ್ಲಿ ಒಬ್ಬರು ಮಹಿಳೆ. ಏನೇ ಹಾಕುವ ಮುಂಚೆ ಇನ್ನೊಬ್ಬರು ನೋಡಲಿ. ಪಾಸ್ಟರ್ ಆಗಲಿ, ಫಾದರ್ ಆಗಲಿ, ಅವರಿಗೂ ಇದೇ ನಿಯಮ.

ಹೆಜ್ಜೆ 3: ವಾಟ್ಸಾಪ್‌ನಲ್ಲಿ ಏನು, ಹೇಗೆ

ಗ್ರೂಪಿಗೆ ಸೇರಿದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಇದರಿಂದ ಹೆಣ್ಣುಮಕ್ಕಳಿಗೆ ಆಗುವ ತೊಂದರೆ ಸಣ್ಣದಲ್ಲ. ಅದಕ್ಕೇ ಒಂದೇ ಸಂದೇಶ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಲಿಸ್ಟ್ ಒಳ್ಳೆಯದು ಅಂತ ನನ್ನ ಸಲಹೆ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು. ಯಾರ ನಂಬರೂ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಸಭೆಯ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಇಬ್ಬರು ಯೌವನಸ್ಥರನ್ನು ನಿಲ್ಲಿಸಿ, ಬಂದವರ ಫೋನಿನಲ್ಲಿ ನಂಬರ್ ಸೇವ್ ಮಾಡಿಸಿಬಿಡಿ. ಗ್ರೂಪೇ ಬೇಕು ಎಂದರೆ ಅಡ್ಮಿನ್ ಮಾತ್ರ ಕಳಿಸುವಂತೆ ಸೆಟ್ಟಿಂಗ್ ಮಾಡಿ, ಸೇರಿಸುವ ಮುಂಚೆ ಕೇಳಿ.

ಧ್ವನಿ ಸಂದೇಶ ಮೂರು ನಿಮಿಷ ಮೀರಬಾರದು. ಕಟ್ಟಡದ ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಆರಕ್ಕೇ ಹೊರಡುತ್ತಾರೆ, ಸಂಜೆ ಮೈ ದಣಿದಿರುತ್ತದೆ. ಒಂದು ವಚನ, ಅದರ ಬಗ್ಗೆ ಒಂದೇ ಮಾತು, ಒಂದು ಸಣ್ಣ ಪ್ರಾರ್ಥನೆ. ಬರೆದ ಸಂದೇಶಕ್ಕಿಂತ ಧ್ವನಿ ನಮ್ಮ ಜನಕ್ಕೆ ಹತ್ತಿರ. ಓದಲು ಬಾರದವರೂ ಕೇಳುತ್ತಾರೆ, ಅಡುಗೆ ಮಾಡುತ್ತಲೂ ಕೇಳಬಹುದು. ರಾತ್ರಿ ಒಂಬತ್ತರ ಮೇಲೆ ಏನೂ ಕಳಿಸಬೇಡಿ.

ಪ್ರಾರ್ಥನೆ ಬೇಡಿಕೆ ಬಂದಾಗ ತುಂಬಾ ಎಚ್ಚರ ಬೇಕು. ಇಂಥವರಿಗೆ ಇಂಥ ರೋಗ, ಇಂಥವರ ಮಗಳು ಗಂಡನ ಮನೆಯಿಂದ ಬಂದಿದ್ದಾಳೆ ಎಂದು ಹೆಸರು ಹಾಕಿ ಕಳಿಸುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಆ ಸಂದೇಶ ಸಂಜೆಯೊಳಗೆ ಊರಿನ ಹೋಟೆಲಿಗೆ ಮುಟ್ಟಿರುತ್ತದೆ. ಚಾಡಿ ಹೇಳುವವನು ಗುಟ್ಟನ್ನು ಹೊರಹಾಕುತ್ತಾನೆ, ನಂಬಿಗಸ್ತನು ಮುಚ್ಚಿಡುತ್ತಾನೆ ಎಂಬ ಅರ್ಥದ ಮಾತು ಬೈಬಲಿನ ಜ್ಞಾನೋಕ್ತಿ 11:13ರಲ್ಲಿದೆ. ಫೋನಿಗೂ ಅದು ಸಲ್ಲುತ್ತದೆ. ಸಂಬಂಧಪಟ್ಟವರನ್ನು ಕೇಳಿ. ಅವರು ಬೇಡ ಅಂದರೆ, ‘ಒಬ್ಬ ಸಹೋದರಿಗಾಗಿ ಪ್ರಾರ್ಥಿಸಿ’ ಎಂದಷ್ಟೇ ಕಳಿಸಿ. ದೇವರಿಗೆ ಹೆಸರು ಗೊತ್ತಿದೆ.

ಫಾರ್ವರ್ಡ್ ಮಾಡಿದ ಯಾವ ಸಂದೇಶವೂ ಸಭೆಯ ನಂಬರಿನಿಂದ ಹೋಗಬಾರದು. ರೋಗಕ್ಕೆ ಮನೆಮದ್ದು, ರಾಜಕೀಯ, ಬೇರೆ ಧರ್ಮದವರ ಬಗ್ಗೆ ಹಗುರ ಮಾತು, ಇವು ಎಂದೂ ಬೇಡ. ಪಕ್ಕದ ಮನೆಯ ಮುಸ್ಲಿಂ ಅಣ್ಣನೋ ಹಿಂದೂ ಅಕ್ಕನೋ ಓದಿದರೆ ನೋವಾಗುವಂಥದ್ದನ್ನು ಸಭೆ ಬರೆಯಬಾರದು.

ಕೊನೆಯದಾಗಿ, ಶನಿವಾರದ ಕರೆ. ಸಭೆಯ ಐದಾರು ಹಿರಿಯರು ತಲಾ ಐದು ಮನೆ ಹಂಚಿಕೊಳ್ಳಲಿ. ‘ಊಟ ಆಯ್ತಾ? ಕೂಲಿ ಸರಿಯಾಗಿ ಕೊಡ್ತಾರಾ? ಊರಲ್ಲಿ ಮಕ್ಕಳನ್ನ ನಾವು ನೋಡಿಕೊಂಡು ಬರ್ತೀವಿ’ ಎಂಬ ಮಾತಿಗೆ ಯಾವ ವಿಡಿಯೋವೂ ಸಮ ಇಲ್ಲ. ನಾಳೆ ಸಂದೇಶ ಕಳಿಸುವುದನ್ನು ನಿಲ್ಲಿಸಿದರೂ ಈ ಕರೆ ನಿಲ್ಲಿಸಬೇಡಿ.

ಹೆಜ್ಜೆ 4: ಯೂಟ್ಯೂಬ್ ಬೇಕೇ ಬೇಕು ಅಂದರೆ

ಮೊದಲ ಸಲ ಲೈವ್‌ಗಾಗಿ ಅರ್ಜಿ ಹಾಕಿದಾಗ ಯೂಟ್ಯೂಬ್ 24 ಗಂಟೆವರೆಗೆ ಕಾಯಿಸಬಹುದು. ಮೊಬೈಲಿನಿಂದ ಲೈವ್ ಮಾಡಲು ಕನಿಷ್ಠ 50 ಸಬ್‌ಸ್ಕ್ರೈಬರ್ ಬೇಕು. ಕ್ರಿಸ್ಮಸ್ ದಿನ ಬೆಳಿಗ್ಗೆ ಶುರು ಮಾಡಿ ಪರದಾಡಬೇಡಿ. ನನ್ನನ್ನು ಕೇಳಿದರೆ ಲೈವ್ ಬೇಡವೇ ಬೇಡ. ನಮ್ಮ ಕಡೆ ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಬಿಟ್ಟು ಬಿಟ್ಟು ಬರುತ್ತದೆ. ಲೈವ್‌ನಲ್ಲಿ ತಪ್ಪಿ ಬಂದ ಮಾತನ್ನು ವಾಪಸ್ ತೆಗೆದುಕೊಳ್ಳಲೂ ಆಗುವುದಿಲ್ಲ. ಪ್ರಸಂಗವನ್ನು, ಅಂದರೆ ಪಾಸ್ಟರ್ ಉಪದೇಶವನ್ನು, ರೆಕಾರ್ಡ್ ಮಾಡಿ, ಸಂಜೆ ಒಮ್ಮೆ ನೋಡಿ, ಆಮೇಲೆ ಹಾಕಿ.

ಚಿತ್ರ ಸ್ವಲ್ಪ ಮಬ್ಬಾದರೂ ಜನ ನೋಡುತ್ತಾರೆ, ಧ್ವನಿ ಕೆಟ್ಟರೆ ಬಿಡುತ್ತಾರೆ. ತಗಡಿನ ಶೀಟಿನ ಚಾವಣಿ ಇರುವ ಕಡೆ ಮಾತು ಗುಂಯ್‌ಗುಟ್ಟುತ್ತದೆ. ಅದಕ್ಕೆ ಅಂಗಿಗೆ ಸಿಕ್ಕಿಸುವ ಸಣ್ಣ ಕಾಲರ್ ಮೈಕ್ ತನ್ನಿ. ಕ್ಯಾಮೆರಾಕ್ಕಿಂತ ಮೊದಲು ಅದಕ್ಕೆ ದುಡ್ಡು ಹಾಕಿ. ಪ್ರಸಂಗ ಪೀಠದ ಮೇಲಿನ ಫ್ಯಾನ್ ಒಂದನ್ನು ಆ ಹೊತ್ತಿಗೆ ನಿಲ್ಲಿಸಿ. ಬೇಸಿಗೆಯಲ್ಲಿ ಕಷ್ಟ ನಿಜ, ಪ್ರಸಂಗ ಚಿಕ್ಕದಾದರೆ ಎಲ್ಲರಿಗೂ ಸುಲಭ.

ಕ್ಯಾಮೆರಾ ಪೀಠದ ಕಡೆಗೆ ಮಾತ್ರ ತಿರುಗಿರಲಿ. ಜನ ಅಳುತ್ತಾ ಪ್ರಾರ್ಥಿಸುವಾಗ, ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸುವಾಗ ಕ್ಯಾಮೆರಾ ಬಂದ್ ಮಾಡಿ. ಅದು ಅವರ ಮತ್ತು ದೇವರ ನಡುವಿನ ವಿಷಯ. ಹೊಸದಾಗಿ ಬಂದವರ ಮುಖ, ಅವರು ಹೇಳುವ ನಂಬಿಕೆಯ ಸಾಕ್ಷಿ, ದೀಕ್ಷಾಸ್ನಾನ ಯಾವುದನ್ನೂ ಹಾಕಬೇಡಿ. ಅವರು ವಾಪಸ್ ಹೋಗಿ ಬಾಳಬೇಕಾದ ಮನೆ, ಓಣಿ, ಕೆಲಸ ಇದೆ. ಅಕ್ಕಿ, ಬೇಳೆ, ಕಂಬಳಿ ಹಂಚುವಾಗ ತೆಗೆದ ಫೋಟೋ ಕೂಡ ಬೇಡ. ಎಡಗೈಗೆ ತಿಳಿಯದಂತೆ ಕೊಡಬೇಕು ಎಂದು ಮತ್ತಾಯ 6ರಲ್ಲಿ ಕರ್ತನಾದ ಯೇಸುವೇ ಹೇಳಿದ್ದಾನೆ. ತೆಗೆದುಕೊಳ್ಳುವವರು ತಲೆ ತಗ್ಗಿಸಿ ನಿಂತ ಚಿತ್ರವನ್ನು ನಾವು ಹೇಗೆ ಹಾಕಲು ಸಾಧ್ಯ?

ಹಾಡುಗಳ ವಿಷಯ ಚುಟುಕಾಗಿ ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನಿಜವಾದ ಧಾರ್ಮಿಕ ಆಚರಣೆಯಲ್ಲಿ ಹಾಡುವುದಕ್ಕೆ ವಿನಾಯಿತಿ ಇದೆ. ಅದನ್ನೇ ರೆಕಾರ್ಡ್ ಮಾಡಿ ಚಾನೆಲ್‌ಗೆ ಹಾಕುವುದು ಬೇರೆ ವಿಷಯ. ಹೊಸ ಹಾಡಾದರೆ ಬರೆದವರ ಅನುಮತಿ ಕೇಳಿ. ಸಾಮಾನ್ಯವಾಗಿ ಸಂತೋಷದಿಂದ ಕೊಡುತ್ತಾರೆ.

ಹೆಜ್ಜೆ 5: ಸಂಡೇ ಸ್ಕೂಲ್ ಮಕ್ಕಳ ಫೋಟೋ

ಕ್ರಿಸ್ಮಸ್ ನಾಟಕದಲ್ಲಿ ದೇವದೂತರ ವೇಷ ಹಾಕಿದ ಮಕ್ಕಳ ಫೋಟೋ ಯಾರಿಗೆ ಇಷ್ಟ ಇಲ್ಲ? ಆದರೂ ಹಾಕುವ ಮುಂಚೆ ತಂದೆತಾಯಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ. ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಕಾನೂನು ಹಾಗಿರಲಿ, ಮಗುವನ್ನೂ ಕೇಳಿ. ಏಳು ವರ್ಷದ ಮಗು ‘ಬ್ಯಾಡ’ ಅಂದರೆ ಬೇಡ ಅಷ್ಟೇ. ತನ್ನ ಮಾತಿಗೆ ಸಭೆಯಲ್ಲಿ ಬೆಲೆ ಇದೆ ಎಂದು ಆ ಮಗು ಕಲಿಯುತ್ತದೆ.

ಹಾಕುವ ಫೋಟೋ ಗುಂಪಿನದಾಗಿರಲಿ, ದೂರದಿಂದ ತೆಗೆದದ್ದಾಗಿರಲಿ. ಹೆಸರು ಬೇಡ. ಶಾಲೆಯ ಸಮವಸ್ತ್ರದಲ್ಲಿ ಬೇಡ, ಬ್ಯಾಡ್ಜ್ ಓದಲು ಬಂದರೆ ಮಗು ಎಲ್ಲಿ ಸಿಗುತ್ತದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ತಂದೆತಾಯಿ ಗುಳೆ ಹೋಗಿರುವ ಮನೆಯ ಮಗುವಿನ ಬಗ್ಗೆ ಇನ್ನೂ ಎಚ್ಚರ. ‘ಅಪ್ಪ ಅಮ್ಮ ಊರಲ್ಲಿ ಇಲ್ಲದ ನಮ್ಮ ಮಕ್ಕಳು’ ಎಂದು ಬರೆದು ಫೋಟೋ ಹಾಕುವುದು ಎಷ್ಟು ಅಪಾಯ, ಯೋಚಿಸಿ. ಮಕ್ಕಳಿಗಾಗಿಯೇ ಮಾಡಿದ ವಿಡಿಯೋ ಆದರೆ ಯೂಟ್ಯೂಬ್‌ನಲ್ಲಿ ‘ಮೇಡ್ ಫಾರ್ ಕಿಡ್ಸ್’ ಎಂದು ಗುರುತು ಹಾಕಿ. ಆಗ ಕಾಮೆಂಟ್ ತಾನಾಗಿ ಬಂದ್ ಆಗುತ್ತದೆ.

ಸಂಡೇ ಸ್ಕೂಲ್ ಗ್ರೂಪಿನಲ್ಲಿ ಪೋಷಕರ ನಂಬರ್ ಮಾತ್ರ ಇರಲಿ. ಯಾವ ಟೀಚರೂ, ಯೂತ್ ಲೀಡರೂ, ಪಾಸ್ಟರೂ ಮಗುವಿನ ಜೊತೆ ಒಬ್ಬರೇ ಚಾಟ್ ಮಾಡಬಾರದು. ‘ನಮ್ಮವರ ಮೇಲೇ ಅನುಮಾನವಾ?’ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಟೀಚರಿಗೆ ಈ ನಿಯಮ ರಕ್ಷಣೆ. ಕೆಟ್ಟ ಉದ್ದೇಶದವರಿಗೆ ಮಾತ್ರ ಅಡ್ಡಿ.

ಹೆಜ್ಜೆ 6: ಮನೆ

ಸಭೆ ಎಷ್ಟೇ ನಿಯಮ ಮಾಡಿದರೂ ಮಗು ಕಲಿಯುವುದು ಮನೆಯಲ್ಲಿ. ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಜೊತೆ ಮಾತಾಡಿ ಎನ್ನುತ್ತದೆ ಧರ್ಮೋಪದೇಶಕಾಂಡ 6:7. ಈ ನಾಲ್ಕು ಹೊತ್ತಿನಲ್ಲೂ ಇವತ್ತು ನಮ್ಮ ಕೈಯಲ್ಲಿ ಫೋನ್ ಇರುತ್ತದೆ ಅಲ್ವಾ? ಹಾಗಾಗಿ ಮೊದಲ ನಿಯಮ ದೊಡ್ಡವರಿಗೆ. ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಅಪ್ಪನ ಫೋನ್ ಮೊದಲು ಕಪಾಟು ಸೇರಲಿ. ಬೈಬಲನ್ನೂ ಆ ಹೊತ್ತಿಗೆ ಪುಸ್ತಕದಲ್ಲೇ ಓದಿ, ಫೋನಿನಲ್ಲಿ ಬೇಡ. ಮಗುವಿಗೆ ಪರದೆಯ ಆ ಕಡೆ ಏನಿದೆ ಎಂದು ಕಾಣುವುದಿಲ್ಲ, ಅಪ್ಪ ಫೋನ್ ನೋಡುತ್ತಿದ್ದಾನೆ ಎಂದಷ್ಟೇ ಕಾಣುತ್ತದೆ. ರಾತ್ರಿ ಎಲ್ಲರ ಫೋನೂ ನಡುಮನೆಯಲ್ಲಿ ಚಾರ್ಜ್ ಆಗಲಿ. ಮಲಗುವ ಕಡೆ ಬೇಡ.

ವಾಟ್ಸಾಪ್, ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ಗೆ ಕನಿಷ್ಠ ವಯಸ್ಸು 13. ಇನ್‌ಸ್ಟಾಗ್ರಾಮ್‌ನಲ್ಲಿ 18 ತುಂಬದವರಿಗೆ ಟೀನ್ ಅಕೌಂಟ್ ಎಂಬ ವ್ಯವಸ್ಥೆ ಇದೆ. ಖಾತೆ ತಾನಾಗಿ ಪ್ರೈವೇಟ್ ಆಗಿರುತ್ತದೆ. 16ರ ಒಳಗಿನವರು ಆ ಬಿಗಿಯನ್ನು ಸಡಿಲಿಸಬೇಕಾದರೆ ಪೋಷಕರು ಒಪ್ಪಬೇಕು. ಆದರೆ ಮಗು ಹುಟ್ಟಿದ ವರ್ಷವನ್ನು ಸುಳ್ಳು ಹಾಕಿದ್ದರೆ ಇದಾವುದೂ ಕೆಲಸ ಮಾಡುವುದಿಲ್ಲ. ಪಕ್ಕದಲ್ಲಿ ಕೂತು, ಗದರದೆ, ಆ ವರ್ಷವನ್ನು ಒಟ್ಟಿಗೆ ನೋಡಿ.

ಗುಳೆ ಹೋದ ಅಪ್ಪ ಅಮ್ಮನಿಗೆ ಉಪಯೋಗ ಆಗುವ ಒಂದು ಸಂಗತಿ. ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ. ಮಗು ಬಳಸುವ ಆಂಡ್ರಾಯ್ಡ್ ಫೋನಿಗೆ ಜೋಡಿಸಿದರೆ, ದಿನಕ್ಕೆ ಎಷ್ಟು ಹೊತ್ತು ನೋಡಬಹುದು, ರಾತ್ರಿ ಎಷ್ಟಕ್ಕೆ ಬಂದ್ ಆಗಬೇಕು, ಯಾವ ಆ್ಯಪ್ ಬೇಕು ಎಂಬುದನ್ನು ಬೆಂಗಳೂರಿನ ಶೆಡ್ಡಿನಲ್ಲಿ ಕೂತೇ ತೀರ್ಮಾನಿಸಬಹುದು. ಅಜ್ಜಿಗೆ ಇದನ್ನು ನಡೆಸಲು ಬರಬೇಕು ಅಂತೇನಿಲ್ಲ. ಗುಳೆ ಹೊರಡುವ ಮುಂಚಿನ ಭಾನುವಾರ ಯೌವನಸ್ಥರು ಇದನ್ನು ಕೂಡಿಸಿ ಕೊಡಲಿ. ಸಭೆಯ ಯುವಕರಿಗೆ ಇದಕ್ಕಿಂತ ಒಳ್ಳೆಯ ಸೇವೆ ನನಗೆ ಹೊಳೆಯುತ್ತಿಲ್ಲ. ಆದರೆ ಆ್ಯಪ್ ಹಾಕಿದ್ದೇನೆ ಎಂದು ಸುಮ್ನೆ ಇರಬಾರದು. ದಿನಾ ಹತ್ತು ನಿಮಿಷ ವಿಡಿಯೋ ಕಾಲ್ ಮಾಡಿ, ‘ಹೋಂವರ್ಕ್ ಆಯ್ತಾ’ ಎಂಬುದನ್ನು ಕೊನೆಗೆ ಕೇಳಿ. ಮೊದಲು ಇವತ್ತು ಏನಾಯಿತು ಅಂತ ಕೇಳಿ. ಅದೇ ಕಾಲ್‌ನಲ್ಲಿ ಮಗುವಿನ ಜೊತೆ ಪ್ರಾರ್ಥನೆಯನ್ನೂ ಮಾಡಿ ಮುಗಿಸಬಹುದು.

ಈಗ ಹೆಣ್ಣುಮಕ್ಕಳ ಮಾತು. ಒಬ್ಬ ಹುಡುಗ ಕೆಟ್ಟ ಮೆಸೇಜ್ ಕಳಿಸಿದ ಎಂದು ಹುಡುಗಿ ಮನೆಯಲ್ಲಿ ಹೇಳಿದರೆ ಮೊದಲು ಅವಳ ಫೋನ್ ಕಿತ್ತುಕೊಳ್ಳುತ್ತಾರೆ. ಆಮೇಲೆ ಕಾಲೇಜು ಬಿಡಿಸುತ್ತಾರೆ. ಕೆಲವು ಕಡೆ 18 ತುಂಬುವ ಮುಂಚೆಯೇ ಮದುವೆಯ ಮಾತು ಶುರು. ತಪ್ಪು ಮಾಡಿದವನಿಗೆ ಏನೂ ಇಲ್ಲ, ಹೇಳಿದವಳಿಗೆ ಶಿಕ್ಷೆ. ಇದನ್ನು ನೋಡಿದ ಉಳಿದ ಹುಡುಗಿಯರು ಮುಂದೆ ಬಾಯಿ ಬಿಡುವುದಿಲ್ಲ. ಮಕ್ಕಳನ್ನು ಕೆಣಕಿ ಕೋಪಕ್ಕೆ ತಳ್ಳಬೇಡಿ ಎಂದು ಎಫೆಸದವರಿಗೆ ಬರೆದ ಪತ್ರದ 6:4ರಲ್ಲಿ ತಂದೆಯರಿಗೇ ಹೇಳಿದೆ. ‘ನೀನು ಏನೇ ಹೇಳಿದರೂ ಫೋನ್ ಕಸಿಯುವುದಿಲ್ಲ, ಓದು ನಿಲ್ಲಿಸುವುದಿಲ್ಲ’ ಎಂದು ಮಗಳಿಗೆ ಇವತ್ತೇ, ಏನೂ ಆಗುವ ಮುಂಚೆಯೇ, ಮಾತು ಕೊಡಿ. ಪ್ರಸಂಗ ಪೀಠದಿಂದಲೂ ಈ ಮಾತು ಬರಲಿ. ಗಂಡು ಮಕ್ಕಳನ್ನೂ ಕೂಡಿಸಿಕೊಂಡು, ಹುಡುಗಿಯ ಖಾಸಗಿ ಫೋಟೋವನ್ನು ಕೇಳದೆ ಇನ್ನೊಬ್ಬರಿಗೆ ಕಳಿಸುವುದು ಪಾಪ, ಅಪರಾಧವೂ ಹೌದು ಎಂದು ನೇರವಾಗಿ ಹೇಳಿ.

ಹೆಜ್ಜೆ 7: ತೊಂದರೆ ಬಂದ ದಿನ

ಫೋಟೋ ಇಟ್ಟುಕೊಂಡು ಯಾರಾದರೂ ಮಗುವನ್ನು ಬೆದರಿಸುತ್ತಿದ್ದರೆ ದುಡ್ಡು ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ. ಖಾತೆಯ ಹೆಸರು, ನಂಬರ್, ಬೆದರಿಕೆಯ ಮಾತು ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಗುವಿನ ಅಶ್ಲೀಲ ಚಿತ್ರವನ್ನು ಮಾತ್ರ ‘ಸಾಕ್ಷಿಗೆ’ ಅಂತ ಹಿರಿಯರಿಗೂ ಗ್ರೂಪಿಗೂ ಕಳಿಸಬಾರದು. ಹಾಗೆ ಕಳಿಸುವುದೇ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67ಬಿ ಕಲಮಿನ ಪ್ರಕಾರ ಅಪರಾಧ. ಫೋನನ್ನು ಹಾಗೇ ಪೊಲೀಸರಿಗೆ ತೋರಿಸಿ. ಮಕ್ಕಳ ಸಹಾಯವಾಣಿ 1098. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಜಾಸ್ತಿ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ ಅದು ಹಿರಿಯರು ಕೂತು ರಾಜಿ ಮಾಡುವ ವಿಷಯವಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದವರು ದೂರು ಕೊಡಲೇಬೇಕು. ಮುಚ್ಚಿಟ್ಟರೆ ಅದೇ ತಪ್ಪು. ಸಭೆಯ ಹೆಸರು ಕೆಡುತ್ತದೆ ಎಂದು ಮಗುವನ್ನು ಸುಮ್ಮನಾಗಿಸಿದರೆ, ಚಿಕ್ಕವರನ್ನು ಎಡವಿಸುವವನ ಕುತ್ತಿಗೆಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಲೇಸು ಎಂದು ಮತ್ತಾಯ 18:6ರಲ್ಲಿ ಕರ್ತನು ಹೇಳಿದ ಮಾತು ನಮ್ಮ ಮೇಲೇ ಬರುತ್ತದೆ. ಮಗುವಿನ ಹೆಸರು ಎಲ್ಲೂ ಹೊರಬರದಂತೆ ನೋಡಿಕೊಳ್ಳಿ, ಪ್ರಾರ್ಥನೆ ಬೇಡಿಕೆಯ ರೂಪದಲ್ಲೂ.

ಹೆಜ್ಜೆ 8: ಕಾಣಿಕೆ ಮತ್ತು ಕ್ಯೂಆರ್ ಕೋಡ್

ಕ್ಯೂಆರ್ ಕೋಡ್ ಸಭೆಯ ಅಥವಾ ಟ್ರಸ್ಟಿನ ಬ್ಯಾಂಕ್ ಖಾತೆಯದಾಗಿರಲಿ, ಯಾರೊಬ್ಬರ ಸ್ವಂತ ಖಾತೆಯದು ಬೇಡ. ಅದನ್ನು ಸಭೆಯ ಗೋಡೆಗೆ ಅಂಟಿಸಿ, ಆದರೆ ಪ್ರತಿ ವಿಡಿಯೋದ ಕೆಳಗೂ ಹಾಕಬೇಡಿ. ವಿದೇಶಿ ಪ್ರಜೆಗಳಿಂದಲೋ ವಿದೇಶಿ ಸಂಸ್ಥೆಗಳಿಂದಲೋ ಹಣ ಪಡೆಯಬೇಕಾದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ (ಎಫ್‌ಸಿಆರ್‌ಎ) ಕಾಯ್ದೆಯಡಿ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. ವಿಡಿಯೋ ಎಲ್ಲಿಯವರು ನೋಡುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ತಿಂಗಳ ಕೊನೆಗೆ ಬಂದದ್ದು, ಖರ್ಚಾದದ್ದು ಎರಡನ್ನೂ ನೋಟಿಸ್ ಬೋರ್ಡಿಗೆ ಹಾಕಿ. ಇಂಟರ್ನೆಟ್, ಮೈಕ್‌ಗೆ ಎಷ್ಟಾಯಿತು ಎಂಬುದೂ ಅದರಲ್ಲಿರಲಿ.

ಪಾಸ್ಟರ್ ಫೋಟೋ ಹಾಕಿಕೊಂಡು ಹೊಸ ನಂಬರಿನಿಂದ ‘ಆಸ್ಪತ್ರೆಯಲ್ಲಿದ್ದೇನೆ, ಬೇಗ ಹತ್ತು ಸಾವಿರ ಹಾಕಿ’ ಎಂದು ಕೇಳುವ ಮೋಸ ನಡೆಯುತ್ತಿದೆ. ಇದಕ್ಕೆ ಮೊದಲು ಬಲಿಯಾಗುವವರು ಮೆತ್ತನೆ ಮನಸ್ಸಿನ ವಯಸ್ಸಾದವರು. ಪಾಸ್ಟರ್ ಎಂದೂ ಮೆಸೇಜಿನಲ್ಲಿ ದುಡ್ಡು ಕೇಳುವುದಿಲ್ಲ, ಅಂಥದ್ದು ಬಂದರೆ ಅವರ ಹಳೆಯ ನಂಬರಿಗೆ ಕರೆ ಮಾಡಿ ಧ್ವನಿ ಕೇಳಿಯೇ ಮುಂದುವರಿಯಿರಿ ಎಂದು ತಿಂಗಳಿಗೊಮ್ಮೆ ಭಾನುವಾರದ ಪ್ರಕಟಣೆಯಲ್ಲಿ ಹೇಳಿ. ತೆಲುಗು ಮಾತಾಡುವವರು ಇದ್ದರೆ ತೆಲುಗಿನಲ್ಲೂ ಹೇಳಿ.